ಹೆಗಲು ಮಾತ್ರ ಮಾಹಿರಾಳದು

ಹುಣಸೂರಿನ ಮಸೀದಿಯ ಕೊನೆಯ ಸಾಲಿನಲ್ಲಿರುವ ಆರು ಮರದ ಕುರ್ಚಿಗಳನ್ನು ಮಾಡಿದವನು ಅಬ್ದುಲ್ ರಹಮಾನನೇ. ಹದಿನೈದು ವರ್ಷದ ಹಿಂದೆ, ಅಪ್ಪ ತೀರಿಕೊಂಡ ವರ್ಷ, ಮಂಡಿ ಬಗ್ಗದ ಮುದುಕರಿಗಾಗಲಿ ಎಂದು ಸಿಲ್ವರ್ ಓಕ್ ಮರದಲ್ಲಿ ಮಾಡಿ ಕೊಟ್ಟಿದ್ದ. ಕೂತವರ ಬೆನ್ನಿಗೆ ಒತ್ತದ ಹಾಗೆ ಒರಗನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಅಂಚುಗಳನ್ನೆಲ್ಲ ಕೈಯಲ್ಲೇ ಉಜ್ಜಿ ದುಂಡಗೆ ಮಾಡಿದ್ದ. ಮುದುಕರು ಕೂತು ದುವಾ ಮಾಡಿದಾಗ ಅದರಲ್ಲಿ ತನಗೂ ಒಂದು ಪಾಲು ಬರಲಿ ಎಂಬುದಷ್ಟೇ ಅವನ ಆಸೆಯಾಗಿತ್ತು. ಎಡಗಡೆಯಿಂದ ಮೂರನೆಯ ಕುರ್ಚಿಯಲ್ಲಿ ತಾನೇ ಕೂರುವ ದಿನ ಐವತ್ತು ತುಂಬುವುದಕ್ಕೆ ಮುಂಚೆಯೇ ಬಂದೀತು ಎಂದು ಅವನು ಅಂದುಕೊಂಡಿರಲಿಲ್ಲ.

ಅವನ ತೂಕ ನೂರ ಹದಿನೆಂಟು ಕೆ.ಜಿ. ಎರಡು ವರ್ಷದ ಹಿಂದೆ ಒಂದು ಶುಕ್ರವಾರ ಸಜ್ದಾಕ್ಕೆ ಹಣೆ ನೆಲಕ್ಕಿಟ್ಟವನಿಗೆ ಮತ್ತೆ ಏಳಲಾಗಲಿಲ್ಲ. ಮಂಡಿ ಒಪ್ಪಲಿಲ್ಲ, ಉಸಿರು ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತು. ಅಕ್ಕಪಕ್ಕದ ಇಬ್ಬರು ನಮಾಜು ಮುಗಿದ ಮೇಲೆ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮರುದಿನದಿಂದ ಅವನು ಹಿಂದಿನ ಸಾಲಿಗೆ ಹೋದ.

ಕುರ್ಚಿಯ ಮೇಲೆ ಕೂತವನು ಎಷ್ಟು ಬಗ್ಗಿದರೂ ಹಣೆ ಗಾಳಿಯಲ್ಲೇ ಉಳಿಯುತ್ತದೆ. ಅದೂ ನಮಾಜೇ, ಅದರಲ್ಲಿ ತಪ್ಪಿಲ್ಲ, ದೇವರು ದೇಹ ನೋಡುವುದಿಲ್ಲ ಎಂದು ಮಸೀದಿಯ ಗುರುಗಳಾದ ಹಜರತ್ ಹೇಳಿದ್ದರು. ರಹಮಾನ್ ಒಪ್ಪಿಕೊಂಡಿದ್ದ. ಆದರೆ ಹಣೆ ಒಪ್ಪಿರಲಿಲ್ಲ. ಏಳು ವರ್ಷದ ಹುಡುಗನಾಗಿದ್ದಾಗಿನಿಂದ ಅದಕ್ಕೆ ನೆಲದ ತಂಪು ಅಭ್ಯಾಸವಾಗಿತ್ತು. ಬರುವ ರಮಜಾನಿನ ಈದ್‌ಗೆ, ಈದ್ಗಾ ಮೈದಾನದಲ್ಲಿ, ಎಲ್ಲರ ಜೊತೆ ಒಂದೇ ಸಾಲಿನಲ್ಲಿ ನಿಂತು ನೆಲಕ್ಕೆ ಹಣೆ ಇಟ್ಟು ತಾನಾಗಿಯೇ ಏಳಬೇಕು. ಈ ಮಾತನ್ನು ಅವನು ಹೇಳಿಕೊಂಡಿದ್ದು ಹೆಂಡತಿ ಆಮಿನಾಬಿಗೆ ಮಾತ್ರ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ ಆಮೀನ್ ಅಂದಿದ್ದಳು.

ಆದರೆ ಮೈ ಅವನ ಕಡೆ ಇರಲಿಲ್ಲ. ಬಾಗಿಲು ಚೌಕಟ್ಟಿನ ಕೆಲಸ ಅವನದು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಪ್ಪನ ಕಾಲದ ಅಂಗಡಿ, ಈಗ ಮಗ ಉಮರ್ ಜೊತೆಗಿದ್ದ. ಮರ ನುಣುಪು ಮಾಡುವ ತೋಪಡವನ್ನು ಕೈಯಲ್ಲಿ ಹಿಡಿದು ನಿಂತಲ್ಲೇ ರಹಮಾನ್ ತೂಕಡಿಸುತ್ತಿದ್ದ. ರಾತ್ರಿಯೆಲ್ಲ ಗೊರಕೆ, ಬೆಳಗಾದರೆ ನಿದ್ದೆಯೇ ಆಗಿಲ್ಲವೆಂಬಷ್ಟು ಸುಸ್ತು. ಹಬ್ಬಕ್ಕೆ ಬಟ್ಟೆ ತರೋಣವೇ ಅಂದರೆ ತಾ, ಬೇಡವೇ ಅಂದರೆ ಬೇಡ. ಆಮಿನಾಬಿಯ ಪಕ್ಕಕ್ಕೆ ಸರಿದು ಮಲಗುವುದೂ ಯಾವಾಗಲೋ ನಿಂತುಹೋಗಿತ್ತು. ಜಗಳವಾಗಿ ನಿಂತದ್ದಲ್ಲ. ದೀಪದ ಎಣ್ಣೆ ತೀರುವಂತೆ, ಯಾವ ದಿನ ಎಂದು ಇಬ್ಬರಿಗೂ ಗೊತ್ತಾಗದ ಹಾಗೆ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮನೆಯಲ್ಲಿ ಅವನ ಮುಖ ಅರಳುತ್ತಿದ್ದದ್ದು ದಿನಕ್ಕೊಂದು ಸಲ. ಉಮರನ ಮಗಳು ಮೂರು ವರ್ಷದ ಮಾಹಿರಾ ಬೆಳಿಗ್ಗೆ ಎದ್ದವಳೇ ಕಣ್ಣುಜ್ಜುತ್ತ ಬಂದು, ಮಂಚದ ಮೇಲೆ ಕೂತ ದಾದಾನ ಹೆಗಲು ಹತ್ತಿ, ಕೆನ್ನೆಯನ್ನು ಅವನ ಕತ್ತಿಗೊತ್ತಿ ಇನ್ನೊಂದು ಸಣ್ಣ ನಿದ್ದೆ ಮಾಡುತ್ತಿದ್ದಳು. ಆ ಹತ್ತು ನಿಮಿಷ ಅವನು ಅಲ್ಲಾಡುತ್ತಿರಲಿಲ್ಲ.

ಇದು ಬರೀ ಸೋಮಾರಿತನವಲ್ಲ, ಇದಕ್ಕೊಂದು ಹೆಸರಿದೆ ಎಂದು ಮೊದಲು ಹೇಳಿದವನು ಚೆಲುವರಾಜು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಗಾರ. ಇಪ್ಪತ್ತು ವರ್ಷದಿಂದ ತನ್ನ ಬೇಲಿ ಮರಗಳನ್ನು ರಹಮಾನನಿಗೇ ಕೊಡುತ್ತಿದ್ದ, ಮನೆಯ ಮೂರು ಬಾಗಿಲನ್ನೂ ಅವನ ಕೈಯಲ್ಲೇ ಮಾಡಿಸಿದ್ದ. ಅವನೂ ತೂಕದಲ್ಲಿ ಹಿಂದೆ ಬಿದ್ದವನಲ್ಲ. ದಸರೆ ಕಳೆದ ವಾರ ಅಂಗಡಿಗೆ ಬಂದವನು, ತೋಪಡದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದ ಗೆಳೆಯನನ್ನು ಕಂಡು, ಮರದ ಹೊಟ್ಟಿನ ಗುಡ್ಡೆಯ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದ.

"ಏನ್ ಭಾಯಿ, ಮರ ಕುಯ್ಯೋದ್ ಬುಟ್ಟು ನಿದ್ದೆ ಕುಯ್ತಾ ಇದ್ದೀಯ. ನಂಗೂ ಇಂಗೇ ಆಗಿತ್ತು ಕಣ. ಗಂಡಸ್ರ ಆರ್ಮೋನು ಅಂತ ಒಂದದೆ. ಅದು ಇಳ್ದೋಗದೆ ನಿಂಗೆ."

ಆಮೇಲೆ ಅವನು ದನಿ ತಗ್ಗಿಸಿ ತನ್ನ ಕಥೆ ಹೇಳಿದ. ಮೈಸೂರಿನಲ್ಲಿ ಜಿಮ್ ನಡೆಸುವ ಯಾರೋ ಒಬ್ಬ ಹದಿನೈದು ದಿನಕ್ಕೊಂದು ಇಂಜೆಕ್ಷನ್ ಕೊಟ್ಟಿದ್ದನಂತೆ. ಡಾಕ್ಟರಿಲ್ಲ, ರಕ್ತಪರೀಕ್ಷೆಯಿಲ್ಲ. ಎರಡು ತಿಂಗಳು ಹೋರಿಯ ಹಾಗೆ ತಿರುಗಿದನಂತೆ. ಮೂರನೆಯ ತಿಂಗಳು ಮುಖ ಕೆಂಪಾಗಿ, ತಲೆ ಸಿಡಿದು, ಕಾಲು ಊದಿ, ಕೊನೆಗೆ ನಿಜವಾದ ಡಾಕ್ಟರ ಹತ್ತಿರ ಹೋದರೆ ರಕ್ತ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿದೆ ಎಂದು ಬೈದು, ಇಂಜೆಕ್ಷನ್ ನಿಲ್ಲಿಸಿ, ಒಂದು ಚೀಲ ರಕ್ತ ತೆಗೆದು ಚೆಲ್ಲಿದರಂತೆ. ನಿಲ್ಲಿಸಿದ ಮೇಲೆ ನಾಲ್ಕು ತಿಂಗಳು ನೆನೆದ ಹತ್ತಿಯ ಹಾಗೆ ಬಿದ್ದಿದ್ದೆ, ನೀನು ಮಾತ್ರ ಅಂಥ ಕಡೆ ಹೋಗಬೇಡ, ಆ ಬೈದ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗುತ್ತೇನೆ ಅಂದ.

ಡಾಕ್ಟರ್ ವೀರಭದ್ರಸ್ವಾಮಿ ಪ್ರತಿ ಗುರುವಾರ ಮೈಸೂರಿನಿಂದ ಹುಣಸೂರಿಗೆ ಬರುತ್ತಿದ್ದರು. ಹೆಚ್.ಡಿ. ಕೋಟೆ ಕಡೆಯ ಬೀಚನಹಳ್ಳಿಯವರು. ಅವರ ತಂದೆ ಕಬಿನಿ ನಾಲೆಯಲ್ಲಿ ನೀರಗಂಟಿಯಾಗಿದ್ದವರು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಬಾಗಿಲು ತೆಗೆದು ಮುಚ್ಚುತ್ತಿದ್ದವರು. ಅವರ ಮಗ ನಾನು ಈಗ ಮನುಷ್ಯರ ಮೈಯೊಳಗಿನ ನಾಲೆಗಳನ್ನು ನೋಡುತ್ತೇನೆ ಎಂದು ಡಾಕ್ಟರೇ ಹೇಳಿಕೊಂಡು ನಗುತ್ತಿದ್ದರು. ರಹಮಾನ್ ಹೇಳಲು ಬಂದದ್ದನ್ನು ಹೇಳಲಾಗದೆ ಮಂಡಿನೋವು ಎಂದ. ಡಾಕ್ಟರು ಮಂಡಿ ನೋಡಿದರು. ಆಮೇಲೆ ಗೊರಕೆ ಕೇಳಿದರು, ನಿದ್ದೆ ಕೇಳಿದರು, ಮನಸ್ಸು ಹೇಗಿದೆ ಎಂದರು, ಕೊನೆಗೆ ಚೆಲುವರಾಜುವನ್ನು ಹೊರಗೆ ಕೂರಲು ಹೇಳಿ ಉಳಿದದ್ದನ್ನೂ ಕೇಳಿದರು. ರಹಮಾನ್ ತನ್ನ ಅಂಗೈ ನೋಡಿಕೊಳ್ಳುತ್ತ ಒಂದೊಂದಕ್ಕೂ ಹೌದು ಅಂದ. ಯಾರ ಮುಂದೆಯೂ ಆಡದ ಮಾತು ಹೊರಗೆ ಬಂದ ಮೇಲೆ ಅದು ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ಒಂದು ಸಲ ಸಾಲದು, ವಾರ ಬಿಟ್ಟು ಇನ್ನೊಂದು ಸಲ ಎಂದರು. ಗಂಡು ಹಾರ್ಮೋನು ಮೊದಲ ಸಲ ನೂರ ಎಂಬತ್ತೆರಡು, ಎರಡನೆಯ ಸಲ ನೂರ ಎಪ್ಪತ್ತಾರು. ಮುನ್ನೂರರ ಮೇಲಿದ್ದರೆ ಚಿಂತೆಯಿಲ್ಲವಂತೆ. ಮಿಕ್ಕ ಪರೀಕ್ಷೆಗಳನ್ನೂ ಮಾಡಿಸಿ, ರಕ್ತದ ಗಟ್ಟಿತನ ನೋಡಿ, ಡಾಕ್ಟರು ಅವನನ್ನು ಎದುರಿಗೆ ಕೂರಿಸಿಕೊಂಡರು.

"ನೋಡಿ ಮೇಸ್ತ್ರಿಗಳೇ, ಹೊಟ್ಟೆ ಕೊಬ್ಬು ಅನ್ನೋದು ನಾಲೆ ಮೇಲ್ಗಡೆ ರೈತ ಇದ್ದಂಗೆ. ಗಂಡು ಹಾರ್ಮೋನು ಹರ್ಕೊಂಡು ಬಂದ್ರೆ ತನ್ನ ಕಡೆ ತಿರುಗಿಸ್ಕೊಂಡು ಹೆಣ್ಣು ಹಾರ್ಮೋನು ಮಾಡ್ಕೋತಾನೆ. ಮೇಲೆ ಕೂತು, ನೀರು ಸಾಕು ಅಂತ ಡ್ಯಾಮಿಗೂ ಹೇಳಿ ಕಳಿಸ್ತಾನೆ. ಕೊನೇ ಹೊಲಕ್ಕೆ ಒದ್ದೆ ಮಣ್ಣೂ ಸಿಗಲ್ಲ. ನಾನು ಹೊರಗಡೆಯಿಂದ ಒಂದಷ್ಟು ನೀರು ಕೊಡ್ತೀನಿ. ಆದ್ರೆ ಆ ರೈತನ್ನ ಕರಗಿಸೋದು ನಿಮ್ಮ ಕೆಲಸ."

ಇನ್ನೂ ಮಕ್ಕಳು ಬೇಕು ಅನ್ನುವ ಗಂಡಸರಿಗೆ ಈ ಔಷಧಿಯನ್ನು ತಾನು ಬರೆಯುವುದೇ ಇಲ್ಲ, ಬೀಜವೇ ನಿಂತುಹೋಗಬಹುದು ಎಂದೂ ಹೇಳಿದರು. ತನಗೆ ಮೊಮ್ಮಗಳೇ ಬಂದಿದ್ದಾಳೆ, ಹೆಗಲ ಮೇಲೆ ಮಲಗುತ್ತಾಳೆ ಎಂದು ರಹಮಾನ್ ನಕ್ಕ. ಆಗ ಡಾಕ್ಟರ ಮುಖ ಗಂಭೀರವಾಯಿತು. ಔಷಧಿ ಹೆಗಲಿಗೂ ತೋಳಿನ ಮೇಲ್ಭಾಗಕ್ಕೂ ಹಚ್ಚುವ ಮುಲಾಮು, ಹಚ್ಚಿದ ಜಾಗವನ್ನು ಮಗು ಮುಟ್ಟಲೇ ಕೂಡದು, ಮಗುವಿನ ಮೈಗೆ ಹತ್ತಿದರೆ ಕೆಡುಕು ಎಂದರು. ಅದರ ಮುಂದೆ ಅವರು ಇನ್ನೂ ಏನೇನೋ ಹೇಳಿದರು, ಎಷ್ಟು ಗಂಟೆ, ಎಷ್ಟು ನೀರು ಎಂದೆಲ್ಲ. ರಹಮಾನನ ಕಿವಿ ಮಾತ್ರ ಮಾಹಿರಾಳ ಹತ್ತಿರ ಹೋಗಿಬಿಟ್ಟಿತ್ತು. ಡಬ್ಬದೊಳಗಿನ ಚೀಟಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿತ್ತು.

ಮನೆಗೆ ಬಂದು ಅವನು ಬಹಳ ಯೋಚಿಸಿದ. ಹೆಗಲು ಮಾಹಿರಾಳದು. ಅದನ್ನು ಅವಳಿಂದ ಕಿತ್ತುಕೊಳ್ಳುವುದು ಆಗದ ಮಾತು. ಎಲ್ಲವೂ ಒಂದೇ ಚರ್ಮವಲ್ಲವೇ, ಮೊಣಕೈಯಿಂದ ಕೆಳಗೆ ಹಚ್ಚಿಕೊಂಡರಾಯಿತು, ಮಗು ಅಲ್ಲಿ ಮಲಗುವುದಿಲ್ಲ ಎಂದು ತೀರ್ಮಾನಿಸಿದ. ಮುಂಜಾನೆ ಸ್ನಾನ ಮಾಡಿ, ಎರಡು ಮುಂಗೈಗೂ ಮುಲಾಮು ಸವರಿದ. ಗಮ್ಮೆಂದು ಸ್ಪಿರಿಟ್ಟಿನ ವಾಸನೆ ಬಂತು.

ಅವನು ಬೆಚ್ಚಿದ. ಈ ವಾಸನೆ ಇಟ್ಟುಕೊಂಡು ದೇವರ ಮುಂದೆ ಹೇಗೆ ನಿಲ್ಲುವುದು. ಜಿಡ್ಡು ಬೇರೆ. ನಮಾಜಿಗೆ ಮುಂಚೆ ಮಾಡುವ ವುಜೂವಿನಲ್ಲಿ ಮುಖ, ಮೊಣಕೈವರೆಗೆ ಕೈ, ಪಾದ ಎಲ್ಲವೂ ನೆನೆಯಬೇಕು. ಕೂದಲೆಳೆಯಷ್ಟು ಜಾಗವೂ ಒಣಗಿ ಉಳಿಯಬಾರದು ಎಂದು ಅಪ್ಪ ಬೆರಳು ಹಿಡಿದು ಕಲಿಸಿದ್ದ. ಹಜರತ್‌ರನ್ನು ಕೇಳಿದ್ದರೆ ಒಂದು ನಿಮಿಷದ ಮಾತು. ಆದರೆ ಕೇಳಬೇಕೆಂದರೆ ಔಷಧಿ ಯಾವುದಕ್ಕೆ ಎಂದು ಹೇಳಬೇಕು. ಅದಕ್ಕಿಂತ ತೊಳೆಯುವುದು ಸುಲಭ. ಹಿತ್ತಲಿನ ನಲ್ಲಿಯ ಕೆಳಗೆ ಬಟ್ಟೆ ಸೋಪು ತೆಗೆದುಕೊಂಡು, ತೆಂಗಿನ ನಾರು ಹಾಕಿ, ವಾಸನೆ ಹೋಗುವ ತನಕ ಉಜ್ಜಿ ತೊಳೆದ. ಮನಸ್ಸು ಹಗುರಾಯಿತು. ಔಷಧಿಯೂ ಆಯಿತು, ಶುದ್ಧವೂ ಆಯಿತು. ನೊರೆ ಮೋರಿಯಲ್ಲಿ ಹರಿದು ಬಾಳೆಯ ಬುಡಕ್ಕೆ ಹೋಯಿತು. ಮಾರನೆಯ ದಿನವೂ ಹಾಗೆಯೇ, ಅದರ ಮಾರನೆಯ ದಿನವೂ.

ಔಷಧಿ ಒಳಗೆ ಹೋಗಿದೆ ಎಂಬ ನಂಬಿಕೆ ಬಂದ ಮೇಲೆ ಉಳಿದದ್ದೆಲ್ಲ ನಡೆಯಿತು. ಮರ ಕೊಯ್ಸಲು ಹೋಗುವ ಸಾಮಿಲ್ಲಿನಲ್ಲಿ ಎಂಟು ಸಲ ಕುಡಿಯುತ್ತಿದ್ದ ಸಕ್ಕರೆ ಚಹಾ ಎರಡಕ್ಕಿಳಿಯಿತು. ಆಮಿನಾಬಿ ರಾತ್ರಿಯ ಪರಾಟ ನಿಲ್ಲಿಸಿ ಅರ್ಧ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ಎಂದಳು. ಅವರೆಕಾಯಿ ಕಾಲ ಬಂದಾಗ ಹಿತಕಿದ ಬೇಳೆ ಮಾಡಿದಳು, ಎಣ್ಣೆ ಕೈ ಬಿಗಿಹಿಡಿದು. ಮದುವೆ ಬಿರಿಯಾನಿಗೆ ಹೋದರೆ ಅವಳೇ ಹೆಂಗಸರ ಪಂಕ್ತಿಯಿಂದ ಯಾರನ್ನಾದರೂ ಕಳಿಸಿ, ಎರಡನೆಯ ಸಲ ಬಡಿಸಬೇಡಿ ಎಂದು ಹೇಳಿಸುತ್ತಿದ್ದಳು. ಅವಳು ಕೆಲಸ ಮಾಡುವಾಗ ಯಾವಾಗಲೂ ತುಟಿಯೊಳಗೇ ಏನಾದರೂ ಪಠಿಸುತ್ತಿರುತ್ತಾಳೆ. ಆ ದನಿ ನಿಂತರೆ ಯಾರೋ ಡಬ್ಬಿಯಿಂದ ಬಿಸ್ಕತ್ತು ತೆಗೆದಿದ್ದಾರೆ ಎಂದೇ ಅರ್ಥ.

ನಡಿಗೆಯನ್ನು ಅವನು ಅಳೆದದ್ದು ಪಠಣದಿಂದ. ಚಿಕ್ಕಂದಿನಲ್ಲಿ ಅಪ್ಪ ಮರ ಉಜ್ಜುತ್ತ ಉಜ್ಜುತ್ತ, ತೋಪಡದ ಹೋಗಿಬರುವ ಲಯಕ್ಕೆ ಒಂದೊಂದೇ ವಾಕ್ಯ ಹೇಳಿಕೊಟ್ಟು ಬಾಯಿಪಾಠ ಮಾಡಿಸಿದ ಕುರಾನಿನ ಒಂದು ಉದ್ದನೆಯ ಅಧ್ಯಾಯ ಅವನಿಗೆ ಬರುತ್ತಿತ್ತು. ಮೊದಲ ದಿನ ನಸುಕಿನ ಫಜರ್ ನಮಾಜಿನ ನಂತರ ಹೊರಟವನಿಗೆ ನಡೆಯುವುದೋ ಓದುವುದೋ ಎರಡರಲ್ಲಿ ಒಂದು ಮಾತ್ರ ಆಗುತ್ತಿತ್ತು. ನಾಲ್ಕು ವಾಕ್ಯಕ್ಕೊಮ್ಮೆ ನಿಂತು ಏದುಸಿರು ಬಿಡಬೇಕು. ಅಧ್ಯಾಯ ಮುಗಿದಾಗ ಅವನಿದ್ದದ್ದು ಸಾಮಿಲ್ಲಿನ ಗೇಟಿನಲ್ಲಿ. ಎರಡು ವಾರಕ್ಕೆ ಅದೇ ಅಧ್ಯಾಯ ಪೆಟ್ರೋಲ್ ಬಂಕಿನವರೆಗೆ ಬಂತು. ಡಿಸೆಂಬರಿನ ಮಂಜಿನಲ್ಲಿ ಒಂದು ದಿನ ಕೊನೆಯ ವಾಕ್ಯ ಹೇಳಿ ತಲೆ ಎತ್ತಿದರೆ ಕಾಲಕೆಳಗೆ ಲಕ್ಷ್ಮಣತೀರ್ಥದ ಸೇತುವೆ. ದನಿ ಎಲ್ಲೂ ತುಂಡಾಗಿರಲಿಲ್ಲ. ಅವನು ಸೇತುವೆಯ ಕಟ್ಟೆಯ ಮೇಲೆ ಕೈಯಿಟ್ಟು ನೀರಿನ ಸದ್ದು ಕೇಳುತ್ತ ನಿಂತ. ಅಪ್ಪ ಪಕ್ಕದಲ್ಲೇ ನಿಂತು ತಲೆದೂಗಿದಂತಾಯಿತು.

ಸಂಜೆ ಚೆಲುವರಾಜುವಿಗೂ ಅವನಿಗೂ ಫೋನಿನಲ್ಲಿ ಹೆಜ್ಜೆ ಲೆಕ್ಕದ ಪಂದ್ಯ. ಫೋನೇ ಹೆಜ್ಜೆ ಎಣಿಸುತ್ತದೆ, ಯಾರದು ಕಡಿಮೆಯೋ ಅವರು ಬೈಸಿಕೊಳ್ಳಬೇಕು. ರಹಮಾನನದು ಆರು ಸಾವಿರ, ಏಳು ಸಾವಿರ. ಚೆಲುವರಾಜುವಿನದು ಐದರಲ್ಲೇ ಕುಂಟುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಇಪ್ಪತ್ತೆರಡು ಸಾವಿರ ಎಂದ. ರಹಮಾನ್ ಬೆರಗಾಗಿ ಮಾಶಾಅಲ್ಲಾ ಅಂದ. ಮರುದಿನವೂ ಇಪ್ಪತ್ತು ಸಾವಿರ. ಮೂರನೆಯ ದಿನ ಫೋನು ಎತ್ತಿದ್ದು ಚೆಲುವರಾಜುವಿನ ಹೆಂಡತಿ. ಯಜಮಾನರು ಮಲಗಿದ್ದಾರೆ, ಫೋನು ಈಗ ತಾನೇ ಎತ್ತಿನ ಕೊರಳಿನಿಂದ ಬಿಚ್ಚಿ ತಂದೆ ಎಂದಳು. ಉಳುವ ಎತ್ತಿನ ಗಂಟೆಯ ಜೊತೆ ಫೋನನ್ನೂ ಟವೆಲ್ಲಿನಲ್ಲಿ ಸುತ್ತಿ ಕಟ್ಟಿದ್ದ.

"ಎತ್ತು ಸಣ್ಣ ಆಗೈತಾ ನೋಡಪ್ಪ," ಎಂದು ರಹಮಾನ್ ಮರುದಿನ ಕೇಳಿದ.

"ಅದಲ್ಲ ಭಾಯಿ, ಅದರ ಕಾಲೂ ನಂದೇ ಅಲ್ವಾ. ಮೇವು ಆಕ್ತಿರೋನು ನಾನು."

ಆದರೂ ನಾಚಿಕೆಯಾಗಿ ಮಾರನೆಯ ದಿನದಿಂದ ತಾನೇ ನಡೆದ.

ಜನವರಿಯಲ್ಲಿ ಡಾಕ್ಟರು ಹೇಳಿದ್ದ ಮೂರು ತಿಂಗಳು ತುಂಬಿತು. ಈ ಸಲ ಆಮಿನಾಬಿ ಜೊತೆಗೆ ಹೋದಳು. ತೂಕ ನೂರ ಮೂರು. ಗೊರಕೆಯ ಬಗ್ಗೆ ಕೇಳಿದಾಗ ಆಮಿನಾಬಿ, ಈಗ ಹೊಂಚು ಹಾಕಿ ಕೇಳಬೇಕು ಎಂದಳು. ಬೇರೆಯದರ ಬಗ್ಗೆ ಡಾಕ್ಟರು ಕೇಳಲಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದನ್ನು ನೋಡಿ ಸುಮ್ಮನೆ ಬರೆದುಕೊಂಡರು. ಹಿಂದಿನ ದಿನ ಕೊಟ್ಟ ರಕ್ತದ ವರದಿ ಬಂದಿತ್ತು. ಮುನ್ನೂರ ಮೂವತ್ತೆಂಟು. ಔಷಧಿ ಚೆನ್ನಾಗಿ ಹಿಡಿದಿದೆ, ಹಚ್ಚುವ ಜಾಗದ ಚರ್ಮ ಒಂದು ಸಲ ನೋಡಿಬಿಡುತ್ತೇನೆ, ಅಂಗಿ ತೆಗೆಯಿರಿ ಎಂದರು.

ರಹಮಾನ್ ಅಂಗಿ ತೆಗೆಯಲಿಲ್ಲ. ತೋಳು ಮಡಿಚಿ ಮುಂಗೈಗಳನ್ನು ಮೇಜಿನ ಮೇಲಿಟ್ಟ. ಎರಡೂ ಕೈ ಬೇಸಿಗೆಯ ಕೆರೆಯಂಗಳದ ಹಾಗೆ ಒಣಗಿ ಬಿರಿದು ಬೆಳ್ಳಗೆ ಹೊಟ್ಟು ಎದ್ದಿತ್ತು.

ಡಾಕ್ಟರು ಕನ್ನಡಕ ಏರಿಸಿದರು. ಇಲ್ಲಿಗೆ ಹಚ್ಚು ಎಂದವರಾರು ಎಂದು ಕೇಳಿದರು. ಹೆಗಲು ಮೊಮ್ಮಗಳದು ಎಂದು ರಹಮಾನ್ ವಿವರಿಸಿದ. ಸರಿ, ಆದರೆ ಮುಲಾಮಿಗೆ ಚರ್ಮ ಹೀಗಾಗುವುದಿಲ್ಲವಲ್ಲ ಎಂದರು. ಆಗ ಆಮಿನಾಬಿ ಸೆರಗು ಸರಿಮಾಡಿಕೊಂಡು, ಮುಲಾಮಿನಿಂದಲ್ಲ, ಬಟ್ಟೆ ಸೋಪಿನಿಂದ ಎಂದಳು.

"ದಿನಾ ಹಚ್ಕೋತಾರೆ, ಹಚ್ಕೊಂಡ ತಕ್ಷಣ ನಾರು ಹಾಕಿ ಉಜ್ತಾರೆ ಡಾಕ್ಟ್ರೇ. ಪಾತ್ರೆ ಉಜ್ಜಿದಂಗೆ. ನಾನು ಅದೇ ಕ್ರಮ ಇರ್ಬೇಕೇನೋ ಅಂತ ಸುಮ್ನಿದ್ದೆ."

"ತಕ್ಷಣ ಅಂದ್ರೆ ಎಷ್ಟು ಹೊತ್ತಿಗೆ?"

ಸ್ಪಿರಿಟ್ಟಿನ ವಾಸನೆ ಇಟ್ಟುಕೊಂಡು ನಮಾಜಿಗೆ ನಿಲ್ಲುವುದು ಹೇಗೆ ಎಂದು ರಹಮಾನ್ ಮೆಲ್ಲಗೆ ಹೇಳಿದ. ಡಾಕ್ಟರು ಅವನನ್ನೇ ನೋಡಿದರು. ಒಂದು ಸಲ ವರದಿ ನೋಡಿದರು, ಒಂದು ಸಲ ಕೈ ನೋಡಿದರು. ಆಮೇಲೆ ಕುರ್ಚಿಗೆ ಒರಗಿ ನಗತೊಡಗಿದರು. ಸದ್ದಿಲ್ಲದ ನಗು, ಹೆಗಲು ಕುಲುಕುವ ನಗು, ಕಣ್ಣಲ್ಲಿ ನೀರು ಬರುವ ತನಕ. ಹೊರಗಿದ್ದ ನರ್ಸು ಬಾಗಿಲು ತೆರೆದು ನೋಡಿ ಹೋದಳು.

"ಆ ತೊಳೆದ ನೀರು ಎಲ್ಲಿಗೆ ಹೋಗುತ್ತಮ್ಮ?"

"ಬಾಳೆ ಬುಡಕ್ಕೆ."

"ಗೊನೆ ಹೆಂಗದೆ?"

"ಈ ಸಲ ದಪ್ಪ ಬಂದದೆ," ಎಂದಳು ಆಮಿನಾಬಿ, ನಿಜವನ್ನೇ.

ಕಣ್ಣೊರೆಸಿಕೊಂಡು ಡಾಕ್ಟರು ಬಿಡಿಸಿ ಹೇಳಿದರು. ಮುಲಾಮು ಚರ್ಮದೊಳಗೆ ಇಳಿಯಲು ಕೆಲವು ಗಂಟೆ ಬೇಕು. ಹೀಗೆ ತೊಳೆದರೆ ಒಳಗೆ ಹೋದದ್ದು ಇದ್ದರೂ ಲೆಕ್ಕಕ್ಕೆ ಬಾರದಷ್ಟು. ಹಾಗಾದರೆ ಈ ಮುನ್ನೂರ ಮೂವತ್ತೆಂಟು ಎಲ್ಲಿಂದ ಬಂತು. ಹದಿನೈದು ಕೆ.ಜಿ. ಇಳಿದಿದೆ, ನಿದ್ದೆ ಕೂಡಿದೆ. ನಾಲೆಯ ಮೇಲ್ಗಡೆ ರೈತ ಬಾಗಿಲು ಬಿಟ್ಟಿದ್ದಾನೆ, ನಿಮ್ಮ ಡ್ಯಾಮಿನ ನೀರೇ ಕೊನೆಯ ಹೊಲಕ್ಕೆ ಹರಿದಿದೆ. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಔಷಧಿ ಬೇಕೇ ಬೇಕು. ನಿಮಗೆ ಬೇಡ. ಇವತ್ತಿನಿಂದ ಮುಲಾಮು ನಿಲ್ಲಿಸಿ, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಆರು ತಿಂಗಳಿಗೆ ಇನ್ನೊಂದು ರಕ್ತಪರೀಕ್ಷೆ ಮಾಡೋಣ.

ಇಂಥ ಸುದ್ದಿಗೆ ಯಾರಾದರೂ ಕುಣಿಯಬೇಕು. ರಹಮಾನ್ ಮಾತ್ರ ಕುಗ್ಗಿದ. ಮೂರು ತಿಂಗಳು ಅವನನ್ನು ನಡೆಸಿದ್ದು ಆ ಮುಲಾಮಿನ ಮೇಲಿನ ಭರವಸೆ. ಅದು ಬರೀ ಮೋರಿಗೆ ಹೋಗಿತ್ತು ಎಂದು ಗೊತ್ತಾದ ಮರುದಿನವೇ ಮಂಡಿ ನೋಯತೊಡಗಿತು. ನಡೆಯಲು ಹೊರಟವನು ಸಾಮಿಲ್ಲಿನ ಗೇಟಿನಿಂದ ಹಿಂದಿರುಗಿದ. ಸಂಜೆ ಹೆಜ್ಜೆ ಎಷ್ಟು ಎಂದು ಚೆಲುವರಾಜು ಕೇಳಿದರೆ ಫೋನು ಇಟ್ಟುಬಿಟ್ಟ. ಮಸೀದಿಯಲ್ಲಿ ಆ ತಿಂಗಳು ಅವನು ನೆಲದ ಮೇಲೆ ಕೂರಲು ಶುರುಮಾಡಬೇಕೆಂದಿದ್ದ. ಮತ್ತೆ ಮೂರನೆಯ ಕುರ್ಚಿಗೇ ಹೋಗಿ ಕೂತ. ಈದ್‌ಗೆ ಎರಡು ತಿಂಗಳಿತ್ತು. ಔಷಧಿಯಿಲ್ಲದೆ ಈ ಮೈ ಏಳುತ್ತದೆಯೇ, ಎಲ್ಲರೆದುರು ಮತ್ತೆ ಇಬ್ಬರು ಕಂಕುಳಿಗೆ ಕೈಕೊಡಬೇಕಾದರೆ ಏನು ಗತಿ ಎಂಬ ಒಂದೇ ಯೋಚನೆ.

ಆಮಿನಾಬಿ ವಾರ ನೋಡಿದಳು. ಎಂಟನೆಯ ದಿನ ಬೆಳಿಗ್ಗೆ ಅವನ ಕೈಗೆ ಕೊಬ್ಬರಿ ಎಣ್ಣೆ ತೀಡುತ್ತಿದ್ದವಳ ಪಠಣ ನಿಂತಿತು.

"ರೀ, ಔಷಧಿ ಬಾಳೆ ಬುಡಕ್ಕೆ ಹೋಯ್ತು. ಸೇತುವೆವರೆಗೂ ಹೋದದ್ದು ಯಾರು, ಬಾಳೆ ಗಿಡವಾ?"

ಅವಳು ಇನ್ನೊಂದು ಕೈ ತೆಗೆದುಕೊಂಡಳು. ಮತ್ತೆ ತುಟಿ ಅಲುಗತೊಡಗಿತು. ಸ್ವಲ್ಪ ಹೊತ್ತಿಗೆ ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಆ ದಿನ ಅಧ್ಯಾಯ ಮುಗಿದಾಗ ಸೇತುವೆ ದಾಟಿ ಇನ್ನೂ ಇಪ್ಪತ್ತು ಮಾರು ಮುಂದಿದ್ದ.

ಅಂದಿನಿಂದ ಮನೆಯ ನಡುಮನೆಯಲ್ಲಿ ಅಭ್ಯಾಸ ಶುರುವಾಯಿತು. ಚಾಪೆ ಹಾಸಿ, ಗೋಡೆಗೆ ಕೈಕೊಟ್ಟು ಇಳಿಯುವುದು, ಗೋಡೆಗೆ ಕೈಕೊಟ್ಟು ಏಳುವುದು. ಆಮೇಲೆ ಗೋಡೆಯ ಬದಲು ತಾನೇ ಮಾಡಿದ ಮಣೆ. ಆಮೇಲೆ ಮಣೆಯೂ ಇಲ್ಲ, ತನ್ನ ತೊಡೆಯೇ ಆಧಾರ. ಇಳಿಯುವುದು ಯಾವ ಮಹಾ ಕೆಲಸ, ಕಡಿದ ಮರವೂ ಇಳಿಯುತ್ತದೆ. ಏಳುವುದೇ ಕಷ್ಟ. ಮಾಹಿರಾಳಿಗೆ ಇದು ಹೊಸ ಆಟ. ದಾದಾ ಬಗ್ಗಿದ ತಕ್ಷಣ ಓಡಿಬಂದು ಬೆನ್ನ ಮೇಲೆ ಹತ್ತಿ ಕೂರುತ್ತಿದ್ದಳು. ಅವಳು ಇಳಿಯುವವರೆಗೂ ಅವನು ಹಣೆ ಎತ್ತುತ್ತಿರಲಿಲ್ಲ. ಚಾಪೆಯ ಜೊಂಡಿನ ವಾಸನೆ ಮೂಗಿಗೆ, ಹದಿಮೂರು ಕೆ.ಜಿ. ಬೆನ್ನಿಗೆ. ಅವಳ ತಾಯಿ ಸುಫಿಯಾ ಓಡಿಬಂದು ಎತ್ತಿಕೊಳ್ಳಲು ಹೋದರೆ, ಬೇಡಮ್ಮ ಎಂದು ನೆಲದಿಂದಲೇ ದನಿ ಬರುತ್ತಿತ್ತು.

ರಮಜಾನ್ ಬಂತು, ನಡೆಯಿತು. ಉಪವಾಸ ಬಿಡುವಾಗ ಬೋಂಡದ ತಟ್ಟೆ ಅವನ ಮುಂದೆ ನಿಲ್ಲದೆ ಸಾಗುತ್ತಿತ್ತು. ನಡಿಗೆ ಸಂಜೆಗೆ ಬದಲಾಯಿತು, ಅಧ್ಯಾಯ ಅದೇ.

ಈದ್ ದಿನ ಬೆಳಿಗ್ಗೆ ಬಿಳಿ ಜುಬ್ಬಾ ಅವನ ಮೈಮೇಲೆ ಸಡಿಲವಾಗಿತ್ತು. ಕನ್ನಡಿ ಚೂರು ಹೊಲಿದ ಕೆಂಪು ಫ್ರಾಕಿನ ಮಾಹಿರಾ ಹೆಗಲೇರಿ ಕೂತಳು. ಉಮರ್ ಆಟೋ ತರುತ್ತೇನೆ ಎಂದ. ಬೇಡವೆಂದು ನಡೆದೇ ಹೋದರು. ಈದ್ಗಾದ ಗೋಡೆಯ ಹೊರಗೆ ಹೊಂಗೆ ಮರದ ಕೆಳಗೆ ಚೆಲುವರಾಜು ಆಗಲೇ ನಿಂತಿದ್ದ. ಪ್ರತಿ ಈದ್‌ಗೂ ಪಿರಿಯಾಪಟ್ಟಣದಿಂದ ಎಳನೀರಿನ ಗೊಂಚಲು ತಂದು, ಶಾವಿಗೆ ಪಾಯಸ ಕುಡಿದು ಹೋಗುವವನು. ಗೆಳೆಯನ ಹರಕೆ ಏನೆಂದು ಈ ಸಲ ಅವನಿಗೂ ತಿಳಿದಿತ್ತು. ಸಾಲಿನ ತುದಿಯಲ್ಲಿ ಮುದುಕರಿಗೆ ಕುರ್ಚಿ ಹಾಕಿದ್ದರು. ಯಾರೋ ರಹಮಾನನಿಗೂ ಒಂದನ್ನು ಎಳೆದು ತೋರಿಸಿದರು. ಅವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, ಉಮರನ ಪಕ್ಕದಲ್ಲಿ ನಡುಸಾಲಿನಲ್ಲಿ ನಿಂತ. ಮಾಹಿರಾಳನ್ನು ಕೆಳಗಿಳಿಸಿ ಜಮಖಾನೆಯ ಅಂಚಿನಲ್ಲಿ ಕೂರಿಸಿದ.

ಇಮಾಮರ ದನಿ ಮೈಕಿನಲ್ಲಿ ಎದ್ದಿತು. ಸಾವಿರ ಜನ ಒಮ್ಮೆಗೇ ಬಾಗಿದರು. ಬಟ್ಟೆಯ ಸರಸರ ಸದ್ದು ರಾಗಿ ಹೊಲದ ಮೇಲೆ ಗಾಳಿ ಹೋದಂತೆ ಹೋಯಿತು. ರಹಮಾನ್ ಮಂಡಿ ಊರಿದ, ಅಂಗೈ ಊರಿದ, ಹಣೆ ಇಟ್ಟ. ತೆಳ್ಳನೆಯ ಜಮಖಾನೆಯ ಕೆಳಗೆ ಮೈದಾನದ ಮಣ್ಣು ಇನ್ನೂ ತಂಪಾಗಿತ್ತು. ಎರಡು ವರ್ಷದ ನಂತರ ಹಣೆಗೆ ಅದು ಸಿಕ್ಕಿತು. ಅವನ ಕಣ್ಣು ತುಂಬಿ ಜಮಖಾನೆ ಒದ್ದೆಯಾಯಿತು.

ಎರಡನೆಯ ಸಜ್ದಾದಲ್ಲಿ, ಮನೆಯ ಅಭ್ಯಾಸದಂತೆ, ಮಾಹಿರಾ ಬೆನ್ನು ಹತ್ತಿದಳು.

ಸಾವಿರ ಜನ ಎದ್ದು ನಿಂತರು. ನಡುಸಾಲಿನಲ್ಲಿ ಒಂದು ಬಿಳಿ ಗುಡ್ಡ ಮಾತ್ರ ನೆಲದಲ್ಲೇ ಉಳಿಯಿತು, ಅದರ ಮೇಲೊಂದು ಕೆಂಪು ಫ್ರಾಕು. ಉಮರನ ಕೈ ಅರ್ಧಕ್ಕೆ ಬಂದು ನಿಂತಿತು. ಗೋಡೆಯಾಚೆ ಚೆಲುವರಾಜು, ನಮಾಜಿನ ಜಾಗಕ್ಕೆ ಚಪ್ಪಲಿಯಲ್ಲಿ ಹೋಗಬಾರದೆಂಬುದು ನೆನಪಾಗಿ, ಒಂದನ್ನು ಬಿಚ್ಚಿ ಕೈಯಲ್ಲಿ ಹಿಡಿದು ಇನ್ನೊಂದಕ್ಕೆ ಬಗ್ಗಿದ್ದ. ಅಷ್ಟರಲ್ಲಿ ಮಾಹಿರಾ ಯಾವ ಅವಸರವೂ ಇಲ್ಲದೆ ಬೆನ್ನಿನಿಂದ ಜಾರಿ ಇಳಿದು, ಫ್ರಾಕು ಸರಿಮಾಡಿಕೊಂಡಳು. ರಹಮಾನ್ ತಲೆ ಎತ್ತಿದ. ತೊಡೆಯ ಮೇಲೆ ಕೈಯಿಟ್ಟ. ಎದ್ದ. ಯಾರ ಕೈಯೂ ಅವನನ್ನು ಮುಟ್ಟಲಿಲ್ಲ.

ಇಮಾಮರ ಪ್ರವಚನ ಮುಗಿದು, ಎಲ್ಲರನ್ನೂ ಅಪ್ಪಿ ಅವನು ಹೊಂಗೆ ಮರದ ಕೆಳಗೆ ಬಂದಾಗ ಚೆಲುವರಾಜು ಇನ್ನೂ ಒಂದೇ ಚಪ್ಪಲಿಯಲ್ಲಿ ನಿಂತಿದ್ದ.

"ಸಿಕ್ಕಾಕ್ಕೊಂಡೆ ಅನ್ಕೊಂಡೆ ಕಣ್ ಭಾಯಿ. ನನ್ ಜೀವ ಬಾಯಿಗ್ ಬಂದಿತ್ತು."

"ಸಿಕ್ಕಾಕ್ಕೊಂಡಿರ್ಲಿಲ್ಲ ಕಣೋ. ಕೂಸು ಇಳೀಲಿ ಅಂತ ಕಾಯ್ತಿದ್ದೆ."

ಚೆಲುವರಾಜು ಕೈಯಲ್ಲಿದ್ದ ಚಪ್ಪಲಿಯನ್ನು ಅಲ್ಲೇ ಕೆಳಗೆ ಬಿಟ್ಟು ಅವನನ್ನು ತಬ್ಬಿಕೊಂಡ. ಈಗ ಇಬ್ಬರ ಕೈಗಳೂ ಬೆನ್ನ ಹಿಂದೆ ಸೇರುತ್ತಿದ್ದವು. ಆ ಬಾಳೆ ಗೊನೆ ಮಾತ್ರ ತನಗೇ ಬೇಕು, ಡಾಕ್ಟರಿಗೆ ಒಂದು ಚಿಪ್ಪು ಕಳಿಸಿದರೆ ಸಾಕು ಎಂದು ಚೆಲುವರಾಜು ಹಟ ಹಿಡಿದ. ಅವರ ಮಾತು ಮುಗಿಯುವುದನ್ನು ಕಾಯುವಷ್ಟು ತಾಳ್ಮೆ ಮಾಹಿರಾಳಿಗಿರಲಿಲ್ಲ. ಜುಬ್ಬಾದ ತುದಿ ಹಿಡಿದು ಜಗ್ಗಿದಳು. ರಹಮಾನ್ ಹೊಂಗೆಯ ನೆರಳಿನಲ್ಲಿ ಕುಕ್ಕುರುಗಾಲಲ್ಲಿ ಕೂತ. ಅವಳು ಹತ್ತಿ, ಕಾಲು ಎರಡೂ ಕಡೆ ಇಳಿಬಿಟ್ಟು, ಕೆನ್ನೆಯನ್ನು ಅವನ ಟೋಪಿಗೊತ್ತಿ ಕೂತಳು. ಏಳಿಸಲೆಂದು ಚೆಲುವರಾಜು ಚಾಚಿದ ಕೈಗೆ ಅವನು 'ಇದ ಹಿಡ್ಕೊ' ಎಂದು ಕೆಳಗೆ ಬಿದ್ದಿದ್ದ ಆ ಚಪ್ಪಲಿಯನ್ನೇ ಕೊಟ್ಟು, ಮೊಮ್ಮಗಳ ಸಮೇತ ಎದ್ದು, ಪಾಯಸ ಆರುವುದರೊಳಗೆ ಮನೆ ಸೇರೋಣ ಎಂದು ಮುಂದೆ ನಡೆದ.